ಗಣಕಯಂತ್ರದ ಗದ್ದಲ: ಗೃಹಸ್ಥರು ಅರಿತಿರತಕ್ಕ ಕೆಲವು ಮಾತುಗಳು

ನಮ್ಮ ಮನೆಗಳಲ್ಲಿ ಹಿಂದೆ ಬೀಸುವ ಕಲ್ಲಿನ ಸಪ್ಪಳವಿತ್ತು. ಅನಂತರ ಹೊಲಿಗೆಯ ಯಂತ್ರ, ರೇಡಿಯೋ, ಮಿಕ್ಸರ್ ಇವುಗಳ ಸಪ್ಪಳಗಳು ಒಂದರ ಹಿಂದೊಂದು ಬಂದವು. ಈಗ ಗಣಕಯಂತ್ರದ ಸಪ್ಪಳವೂ ಅವುಗಳೊಡನೆ ಸೇರಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಊರುಗಳಲ್ಲಿ ಮಕ್ಕಳ ಅಭ್ಯಾಸಕ್ಕೆಂದೋ, ಅಂಗಡಿಯ ಲೆಕ್ಕಕ್ಕೆಂದೋ ಮೇಜಿನ ಮೇಲೆ ಕೂಡ್ರಿಸಿದ ಗಣಕಯಂತ್ರಗಳು ಅನೇಕವಾಗಿವೆ. ಕೈಯಲ್ಲಿ ಹಿಡಿಯುವ ಮೊಬೈಲುಗಳು ಎಷ್ಟು ಹೆಚ್ಚಿದರೂ, ಲೆಕ್ಕಪತ್ರಗಳನ್ನೂ ಭಾವಚಿತ್ರಗಳನ್ನೂ ಕಾಪಿಡುವ ಕೆಲಸಕ್ಕೆ ಈ ಪೆಟ್ಟಿಗೆಯೇ ಹಲವರಿಗೆ ಆಧಾರವಾಗಿರುವದು.

ಇಂಥ ಯಂತ್ರವು ಒಂದು ಮುಂಜಾನೆ ಗುಂಡಿಯನ್ನು ಒತ್ತಿದೊಡನೆ ಹಿಂದೆಂದೂ ಇಲ್ಲದ ಸಪ್ಪಳವನ್ನು ಮಾಡತೊಡಗಿದರೆ ಮನೆಯ ಮಂದಿಯು ಎರಡು ಬಗೆಯಾಗಿ ನಡೆದುಕೊಳ್ಳುವರು. ಕೆಲವರು ಗಾಬರಿಗೊಂಡು ಅದೇ ಗಳಿಗೆಯಲ್ಲಿ ಪೆಟ್ಟಿಗೆಯನ್ನು ಹೊತ್ತುಕೊಂಡು ರಿಪೇರಿಯವನಲ್ಲಿಗೆ ಓಡುವರು. ಅಲ್ಲಿ ನೂರು ರೂಪಾಯಿಯ ಕೆಲಸಕ್ಕೆ ಸಾವಿರ ರೂಪಾಯಿ ತೆತ್ತು ಬರುವದೂ ಉಂಟು. ಬೇರೆ ಕೆಲವರು ‘ಎರಡು ನಿಮಿಷಕ್ಕೆ ತಾನೇ ಸುಮ್ಮನಾಗುತ್ತದೆ’ ಎಂದು ತಿಂಗಳುಗಟ್ಟಲೆ ಕಡೆಗಣಿಸುವರು. ಕಡೆಗೆ ಒಂದು ದಿನ ಯಂತ್ರವು ಸುಮ್ಮನಾದಾಗ ಅದರೊಳಗಿನ ಬರಹವೆಲ್ಲವೂ ಸುಮ್ಮನಾಗಿರುವದು. ಈ ಎರಡು ಅತಿರೇಕಗಳನ್ನು ಬಿಟ್ಟು, ಯಾವ ಸಪ್ಪಳಕ್ಕೆ ನಿಶ್ಚಿಂತೆಯಿಂದ ಇರಬಹುದು, ಯಾವದನ್ನು ಮನೆಯಲ್ಲಿಯೇ ಸರಿಪಡಿಸಬಹುದು, ಯಾವದನ್ನು ಕೇಳಿದ ಕೂಡಲೆ ಎಚ್ಚರಗೊಳ್ಳಬೇಕು ಎಂಬದನ್ನು ವಾಚಕರಿಗೆ ತಿಳಿಸುವದೇ ಈ ಲೇಖನದ ಉದ್ದೇಶವು.

ಕಿವಿಯಿಂದ ರೋಗವನ್ನು ಅರಿಯುವ ವಿದ್ಯೆಯು ನಮಗೆ ಹೊಸದಲ್ಲ. ಕೃಷ್ಣಾ ನದಿಯ ದಂಡೆಯ ಒಕ್ಕಲಿಗನು ಮನೆಯಲ್ಲಿ ಮಲಗಿದ್ದರೂ ಹೊಳೆಗೆ ಹೂಡಿದ ಪಂಪಿನ ದನಿಯು ಬದಲಾದುದನ್ನು ಗುರುತಿಸಿ ‘ಬೇರಿಂಗ್ ಹೋಗೇತಿ’ ಎಂದೋ, ‘ನೀರು ಬಿಟ್ಟೇತಿ’ ಎಂದೋ ಹೇಳಬಲ್ಲನು. ಸುಶ್ರುತಸಂಹಿತೆಯು ರೋಗವನ್ನು ಅರಿಯಲು ಆರು ಉಪಾಯಗಳನ್ನು ಹೇಳಿದೆ: ಐದು ಜ್ಞಾನೇಂದ್ರಿಯಗಳು ಐದು, ರೋಗಿಯನ್ನು ಪ್ರಶ್ನಿಸುವದು ಆರನೆಯದು. ಆ ಐದರಲ್ಲಿ ಕಿವಿಗೆ ಮೊದಲ ಸ್ಥಾನವಿದೆ. ಫ್ರಾನ್ಸ್ ದೇಶದ ಲೆನೆಕ್ ಎಂಬ ವೈದ್ಯನು ೧೮೧೬ರಲ್ಲಿ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗೆ ಹಚ್ಚಿ ಕೇಳಿದನು. ಇಂದು ವೈದ್ಯರ ಕೊರಳಿನಲ್ಲಿ ಕಾಣುವ ಸ್ಟೆಥೊಸ್ಕೋಪು ಅಲ್ಲಿಂದ ಹುಟ್ಟಿತು. ಯಂತ್ರದ ವಿಷಯದಲ್ಲಿಯೂ ಕ್ರಮವು ಇದೇ. ಮೊದಲು ಕೇಳಬೇಕು, ಆಮೇಲೆ ವಿಚಾರಿಸಬೇಕು, ಕೈಹಚ್ಚುವದು ಕಡೆಯದು.

ಪೆಟ್ಟಿಗೆಯೊಳಗೆ ಸಪ್ಪಳ ಮಾಡುವಂಥವು ಯಾವವು?

ಜನರು ಸಿ.ಪಿ.ಯು. ಎಂದು ಕರೆಯುವ ಪೆಟ್ಟಿಗೆಯಲ್ಲಿ ಬಹುಪಾಲು ಭಾಗಗಳು ಚಲಿಸುವದೇ ಇಲ್ಲ. ಚಲಿಸದ ವಸ್ತುವು ಸಾಮಾನ್ಯವಾಗಿ ಸಪ್ಪಳ ಮಾಡುವದಿಲ್ಲ. ತಿರುಗುವಂಥವು ಮೂರೇ. ಮೊದಲನೆಯದು ಫ್ಯಾನು. ಗಣಿತಮಾಡುವ ಮುಖ್ಯ ಚಿಪ್ಪಿನ ಮೇಲೊಂದು, ವಿದ್ಯುತ್ತನ್ನು ಹಂಚುವ ಪವರ್ ಸಪ್ಲಾಯ್ ಎಂಬ ಒಳಪೆಟ್ಟಿಗೆಯಲ್ಲೊಂದು, ಅನೇಕ ಪೆಟ್ಟಿಗೆಗಳಲ್ಲಿ ಬೆನ್ನಿಗೊಂದು, ಹೀಗೆ ಎರಡು ಮೂರು ಫ್ಯಾನುಗಳಿರುವವು. ಎರಡನೆಯದು ಹಾರ್ಡ್ ಡಿಸ್ಕು, ಅಂದರೆ ಬರಹವನ್ನೆಲ್ಲ ಕಾಪಿಡುವ ತಟ್ಟೆಗಳ ಭಂಡಾರ. ಮೂರನೆಯದು ಹಳೆಯ ಯಂತ್ರಗಳಲ್ಲಿರುವ ಸಿ.ಡಿ. ಹಾಕುವ ಖಾನೆ. ಇವಲ್ಲದೆ ‘ಬೀಪ್’ ಎಂದು ಕೂಗುವ ಚಿಕ್ಕ ಸ್ಪೀಕರು ಕೆಲವು ಪೆಟ್ಟಿಗೆಗಳಲ್ಲಿ ಇರುವದು. ಪೆಟ್ಟಿಗೆಯ ಹೊರಗೆ, ಕರೆಂಟು ಹೋದಾಗ ಆಸರೆಯಾಗುವ ಯು.ಪಿ.ಎಸ್. ತನ್ನದೇ ಆದ ದನಿಯುಳ್ಳದ್ದು.

ಈ ಕಡೆಯ ಮಾತನ್ನು ನೆನಪಿನಲ್ಲಿಡಬೇಕು. ನಮ್ಮ ಹಳ್ಳಿಗಳಲ್ಲಿ ವಿದ್ಯುತ್ತಿನ ಒತ್ತಡವು ಏರಿಳಿದಾಗ ಯು.ಪಿ.ಎಸ್.ನ ಒಳಗಿನ ರಿಲೇಯು ‘ಟಕ್ ಟಕ್’ ಎಂದು ಬದಲಾಗುವದು. ಬ್ಯಾಟರಿಯು ಮುದಿಯಾಗಿದ್ದರೆ ಬಿಟ್ಟುಬಿಟ್ಟು ‘ಬೀಪ್’ ಎನ್ನುವದು. ಇದನ್ನು ಗಣಕಯಂತ್ರದ ರೋಗವೆಂದು ತಿಳಿದು ಅದರ ಪೆಟ್ಟಿಗೆಯನ್ನು ಬಿಚ್ಚಿದರೆ, ಹಲ್ಲುನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತಾಗುವದು.

ರೋಗವಲ್ಲದ ಸಪ್ಪಳಗಳು

ಯಂತ್ರವನ್ನು ಚಾಲೂ ಮಾಡಿದ ಮೊದಲ ಕೆಲವು ಕ್ಷಣ ಫ್ಯಾನುಗಳು ಜೋರಾಗಿ ತಿರುಗಿ ಅನಂತರ ತಗ್ಗುವದು ಅನೇಕ ಯಂತ್ರಗಳ ಸಹಜ ಸ್ವಭಾವವು. ಫ್ಯಾನಿನ ವೇಗವನ್ನು ನಿಯಂತ್ರಿಸುವ ವ್ಯವಸ್ಥೆಯು ಎಚ್ಚರಗೊಳ್ಳುವವರೆಗೆ ಅದು ಪೂರ್ಣ ವೇಗದಿಂದ ತಿರುಗುವದೇ ಇದರ ಕಾರಣ. ಹಾರ್ಡ್ ಡಿಸ್ಕಿನ ತಟ್ಟೆಗಳು ವೇಗವನ್ನು ಪಡೆಯುವಾಗ ಏರುತ್ತ ಹೋಗುವ ಮೆಲುದನಿಯೊಂದು ಕೇಳುವದು. ಆಮೇಲೆ ಅದರ ಓದುಗೈಯು ತನ್ನ ಸ್ಥಾನವನ್ನು ಹುಡುಕುವಾಗ ಒಂದೆರಡು ಮೃದುವಾದ ಸಪ್ಪಳಗಳಾಗುವವು. ಖಾನೆಯಲ್ಲಿ ಮರೆತು ಬಿಟ್ಟ ಸಿ.ಡಿ. ಇದ್ದರೆ ಅದೂ ‘ಗುಂಯ್’ ಎಂದು ಒಮ್ಮೆ ತಿರುಗುವದು, ಸಿ.ಡಿ.ಯನ್ನು ತೆಗೆದರೆ ಮುಗಿಯಿತು. ಸ್ಪೀಕರಿಗೆ ಕರೆಂಟು ಹರಿದಾಗ ‘ಡಬ್’ ಎಂಬ ಒಂದು ಸಪ್ಪಳ ಬರುವದು. ಇವೆಲ್ಲವೂ ಯಂತ್ರವು ಆರೋಗ್ಯದಿಂದಿರುವಾಗಲೂ ಇದ್ದವೇ. ಆದುದರಿಂದ ಯಂತ್ರವು ಚೆನ್ನಾಗಿರುವಾಗಲೇ ಅದರ ದನಿಯನ್ನು ಒಮ್ಮೆ ಗಮನವಿಟ್ಟು ಕೇಳಿರಬೇಕು. ಸ್ವಸ್ಥನ ನಾಡಿಯನ್ನು ಅರಿಯದವನಿಗೆ ಅಸ್ವಸ್ಥನ ನಾಡಿಯು ತಿಳಿಯುವದೆಂತು?

ಸ್ಥಾನವನ್ನು ಕಂಡುಹಿಡಿಯುವ ಬಗೆ

ಹೊಸ ಸಪ್ಪಳವು ಬಂದಿತೆಂದರೆ ಮೊದಲು ಅಂಗೈಯನ್ನು ಪೆಟ್ಟಿಗೆಯ ಪಕ್ಕದ ತಗಡಿನ ಮೇಲೆ ಮೆಲ್ಲಗೆ ಒತ್ತಿ ಹಿಡಿಯಬೇಕು. ಸಪ್ಪಳವು ನಿಂತರೆ ಅಥವಾ ಬದಲಾದರೆ ತಗಡಿನ ಸ್ಕ್ರೂ ಸಡಿಲವಾಗಿದೆ ಎಂದು ತಿಳಿಯಬೇಕು. ಬಿಗಿ ಮಾಡಿದರೆ ಸಾಕು. ಪೆಟ್ಟಿಗೆಯನ್ನು ಕಬ್ಬಿಣದ ಟ್ರಂಕಿನ ಮೇಲೋ ತೆಳುವಾದ ತಗಡಿನ ಮೇಜಿನ ಮೇಲೋ ಇಟ್ಟಿದ್ದರೆ ಚಿಕ್ಕ ಸಪ್ಪಳವೂ ದೊಡ್ಡದಾಗಿ ಕೇಳುವದು. ಕಾಗವಾಡದಿಂದ ಗಡಿ ದಾಟಿದರೆ ಸಮೀಪದಲ್ಲಿಯೇ ಇರುವ ಮಿರಜದಲ್ಲಿ ತಂಬೂರಿ, ಸಿತಾರಗಳನ್ನು ಮಾಡುವ ಕುಶಲರಿದ್ದಾರೆ. ತಂತಿಯ ಸಣ್ಣ ಮಿಡಿತವನ್ನು ಟೊಳ್ಳಾದ ಬುರುಡೆಯು ಹೇಗೆ ತುಂಬಿದ ನಾದವನ್ನಾಗಿ ಮಾಡುವದೆಂಬದನ್ನು ಅವರು ಬಲ್ಲರು. ಟ್ರಂಕು ಮಾಡುವದೂ ಅದನ್ನೇ. ಪೆಟ್ಟಿಗೆಯನ್ನು ಗಟ್ಟಿಯಾದ, ಸಮತಟ್ಟಾದ ಹಲಗೆಯ ಮೇಲೆ ಇಟ್ಟು ಮತ್ತೊಮ್ಮೆ ಕೇಳಬೇಕು.

ಇಷ್ಟಕ್ಕೂ ಸಪ್ಪಳವು ಉಳಿದರೆ ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಪೆಟ್ಟಿಗೆಯ ಹೊರಮೈಗೂ ಹಿಡಿದು, ಬೆನ್ನು, ಪಕ್ಕ, ಮುಂಭಾಗ ಹೀಗೆ ಸರಿಸುತ್ತ ಕೇಳಬೇಕು. ಹೆಚ್ಚು ಕೇಳಿಸುವ ಎಡೆಯು ಯಾವದೆಂದು ಗೊತ್ತಾಗುವದು. ಪೆಟ್ಟಿಗೆಯನ್ನು ತೆರೆಯುವದಾದರೆ ಗುಂಡಿಯನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿರಬೇಕು. ಯಂತ್ರವು ಓಡುವಾಗ ಒಳಗೆ ಬೆರಳನ್ನಾಗಲಿ, ಪೆನ್ಸಿಲನ್ನಾಗಲಿ ಹಾಕಕೂಡದು. ಹೆಣ್ಣುಮಕ್ಕಳು ಸೆರಗನ್ನೂ ಜಡೆಯನ್ನೂ ದೂರವಿಟ್ಟುಕೊಳ್ಳಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಸಂಶಯವನ್ನು ನಿರ್ಣಯಕ್ಕೆ ತರುವ ಉಪಾಯವು ತರ್ಕಶಾಸ್ತ್ರವನ್ನು ಓದಿದವರಿಗೆ ಪರಿಚಿತವೇ ಆಗಿದೆ. ಅದು ಅನ್ವಯ-ವ್ಯತಿರೇಕ. ಒಂದು ಇದ್ದಾಗ ಇನ್ನೊಂದು ಇರುವದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವದು ವ್ಯತಿರೇಕ. ಪೆಟ್ಟಿಗೆಯ ಬೆನ್ನಿನ ಫ್ಯಾನಿನ ಮೇಲೆ ಸಂಶಯವಿದ್ದರೆ, ಪ್ಲಗ್ಗನ್ನು ಕಿತ್ತು, ಆ ಫ್ಯಾನಿನ ವಾಯರನ್ನು ಬಿಡಿಸಿ, ಒಂದು ನಿಮಿಷದ ಮಟ್ಟಿಗೆ ಯಂತ್ರವನ್ನು ಚಾಲೂ ಮಾಡಿ ನೋಡಬೇಕು. ಸಪ್ಪಳವು ಇಲ್ಲವಾದರೆ ಕಾರಣವು ಸಿದ್ಧವಾಯಿತು. ಇದ್ದೇ ಇದ್ದರೆ ಬೆನ್ನಿನ ಫ್ಯಾನು ನಿರ್ದೋಷಿಯು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಸಪ್ಪಳವು ನಿಂತರೆ ಯಾವದರಿಂದ ನಿಂತಿತೆಂದು ಹೇಳುವವರಾರು? ಕಾಗೆ ಕೂಡ್ರುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸಂಬಂಧವನ್ನು ಕಟ್ಟುವ ತಪ್ಪು ಇಲ್ಲಿಯೇ ಆಗುವದು. ಆದರೆ ಈ ಪರೀಕ್ಷೆಯನ್ನು ಮುಖ್ಯ ಚಿಪ್ಪಿನ ಮೇಲಿನ ಫ್ಯಾನಿಗೆ ಮಾಡಕೂಡದು. ಆ ಚಿಪ್ಪು ಬಹು ಬೇಗ ಕಾಯುವದು.

ಫ್ಯಾನಿನ ದೂರು

ಚಾಲೂ ಮಾಡಿದೊಡನೆ ‘ಗರ್ರ್’ ಎಂದು ಕೂಗಿ, ಐದು ಹತ್ತು ನಿಮಿಷಗಳಲ್ಲಿ ಮೆಲ್ಲಮೆಲ್ಲನೆ ಇಳಿದುಹೋಗುವ ಸಪ್ಪಳವು ಪ್ರಾಯಶಃ ಫ್ಯಾನಿನದೇ. ಫ್ಯಾನಿನ ನಡುವಿನ ಬೇರಿಂಗಿನಲ್ಲಿ ತುಸು ಜಿಡ್ಡು ಇರುತ್ತದೆ. ವರ್ಷಗಳು ಕಳೆದಂತೆ ಅದು ಒಣಗುವದು, ಧೂಳಿ ಕೂಡಿ ಗಟ್ಟಿಯಾಗುವದು. ತಣ್ಣಗಿರುವಾಗ ಇನ್ನೂ ಬಿಗಿಯುವದು. ತಿರುಗಿ ತಿರುಗಿ ಬಿಸಿಯಾದಾಗ ತೆಳುವಾಗಿ ಹರಿಯುವದು. ಮಾರ್ಗಶಿರ-ಪುಷ್ಯ ಮಾಸಗಳ ಚಳಿಯ ಮುಂಜಾನೆಗಳಲ್ಲಿ ಈ ದೂರು ಹೆಚ್ಚಾಗಿ, ಮಧ್ಯಾಹ್ನಕ್ಕೆ ಇಲ್ಲವಾಗುವದಕ್ಕೆ ಕಾರಣವು ಇದೇ. ತಾನಾಗಿ ನಿಂತಿತೆಂದು ರೋಗವು ವಾಸಿಯಾಯಿತೆಂದು ತಿಳಿಯಬಾರದು. ‘ಟರ್ ಟರ್’ ಎಂದು ತಾಳಬದ್ಧವಾಗಿ ಬರುವ ಸಪ್ಪಳವಾದರೆ ಒಳಗಿನ ವಾಯರೊಂದು ಸರಿದು ಫ್ಯಾನಿನ ರೆಕ್ಕೆಗೆ ತಾಗುತ್ತಿರಬಹುದು. ಅದನ್ನು ಹಿಂದಕ್ಕೆ ಸರಿಸಿ ಕಟ್ಟಿದರೆ ಕೆಲಸವು ಮುಗಿಯುವದು. ಹಿಂಬದಿಯ ಕಿಂಡಿಯ ಮುಚ್ಚಳವು ಬಿದ್ದುಹೋಗಿದ್ದರೆ ಜಿರಲೆ, ಹಲ್ಲಿ, ಇಲಿಗಳು ಒಳಹೊಕ್ಕು ಮನೆ ಮಾಡುವದೂ ಉಂಟು.

ನಮ್ಮ ಭಾಗದಲ್ಲಿ ಧೂಳಿಗೆ ಕೊರತೆಯಿಲ್ಲ. ನಿಪ್ಪಾಣಿಯು ತಂಬಾಕಿನ ಪೇಟೆ. ವಖಾರಗಳ ನೆರೆಯ ಮನೆಗಳಲ್ಲಿ ತಂಬಾಕಿನ ನವುರಾದ ಪುಡಿಯು ಗಾಳಿಯಲ್ಲಿಯೇ ಇರುವದು. ಚಿಕ್ಕೋಡಿ, ರಾಯಬಾಗ, ಅಥಣಿ, ಉಗಾರ ಈ ಕಡೆಗಳಲ್ಲಿ ಸಕ್ಕರೆಯ ಕಾರಖಾನೆಗಳು ಕಬ್ಬು ನುರಿಸುವ ಚಳಿಗಾಲದ ತಿಂಗಳುಗಳಲ್ಲಿ ಕಪ್ಪು ಬೂದಿಯ ಕಣಗಳು ಅಂಗಳದ ಅರಿವೆಗಳ ಮೇಲೆ ಬೀಳುವದನ್ನು ಗೃಹಿಣಿಯರೆಲ್ಲರೂ ಬಲ್ಲರು. ಬೇಸಿಗೆಯಲ್ಲಿ ಅಥಣಿಯ ಮೂಡಣ ಹಳ್ಳಿಗಳ ಎರೆಮಣ್ಣಿನ ಧೂಳಿಯು ಕಿಟಕಿಯನ್ನು ಮುಚ್ಚಿದರೂ ಒಳಗೆ ಬರುವದು. ದೇವರ ಜಗಲಿಯ ಮಗ್ಗುಲಲ್ಲಿಯೇ ಯಂತ್ರವನ್ನು ಇಟ್ಟವರ ಮನೆಯಲ್ಲಿ ಊದುಬತ್ತಿಯ ಹೊಗೆಯ ಜಿಡ್ಡೂ ಇದರೊಡನೆ ಸೇರುವದು. ದೇವರಿಗೂ ಗಣಕಯಂತ್ರಕ್ಕೂ ಬೇರೆ ಬೇರೆ ಮೂಲೆಗಳನ್ನು ಕೊಡುವದು ಇಬ್ಬರಿಗೂ ಹಿತಕರವು.

ಆದುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ, ಕಬ್ಬಿನ ಹಂಗಾಮು ಮುಗಿದ ಮೇಲಂತೂ ತಪ್ಪದೆ, ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು, ಮೂಗಿಗೆ ಅರಿವೆಯನ್ನು ಕಟ್ಟಿಕೊಂಡು, ಮೃದುವಾದ ಒಣ ಬ್ರಶ್ಶಿನಿಂದಲೂ ಗಾಳಿಯೂದುವ ಬ್ಲೋವರಿನಿಂದಲೂ ಧೂಳಿಯನ್ನು ತೆಗೆಯಬೇಕು. ಗಾಳಿಯೂದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು; ಗಾಳಿಯ ಭರಕ್ಕೆ ಅದು ಅತಿವೇಗದಿಂದ ತಿರುಗಿದರೆ ಬೇರಿಂಗು ಕೆಡುವದು. ಒದ್ದೆ ಅರಿವೆಯನ್ನು ಒಳಗೆ ಮುಟ್ಟಿಸಕೂಡದು. ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಹಾಕಿದರೆ ಕೆಲವು ಕಾಲ ಸುಮ್ಮನಿರುವದು ನಿಜ. ಆದರೆ ಅಡಿಗೆಮನೆಯ ಶೇಂಗಾ ಎಣ್ಣೆಯನ್ನಾಗಲಿ, ಚಳಿಗೆ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆಯನ್ನಾಗಲಿ ಹಾಕಿದರೆ ಅದೇ ಅಂಟಾಗಿ ಧೂಳಿಯನ್ನು ಹಿಡಿದಿಟ್ಟುಕೊಳ್ಳುವದು. ಎಣ್ಣೆಯಿಂದಲೂ ಸಪ್ಪಳವು ಅಡಗದಿದ್ದರೆ ಫ್ಯಾನನ್ನು ಬದಲಿಸುವದೇ ಸರಿಯು. ಯಂತ್ರದ ಭಾಗಗಳಲ್ಲಿ ಅಗ್ಗದ್ದು ಅದು. ಚಿಪ್ಪಿನ ಮೇಲಿನ ಫ್ಯಾನು ತಿರುಗುವದನ್ನೇ ಬಿಟ್ಟರೆ ಮಾತ್ರ ಯಂತ್ರವನ್ನು ಓಡಿಸುತ್ತ ಕೂಡ್ರಬಾರದು.

ಅರ್ಥವುಳ್ಳ ಕೂಗು

ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಶಬ್ದವನ್ನು ಧ್ವನ್ಯಾತ್ಮಕ, ವರ್ಣಾತ್ಮಕ ಎಂದು ಎರಡಾಗಿ ವಿಭಾಗಿಸಿದೆ. ನಗಾರಿಯ ಸಪ್ಪಳವು ಮೊದಲನೆಯದು, ಭಾಷೆಯು ಎರಡನೆಯದು. ಫ್ಯಾನಿನ ಗರ್ಜನೆಯು ಧ್ವನ್ಯಾತ್ಮಕವಾದರೆ ‘ಬೀಪ್’ ಎಂಬ ಕೂಗು ವರ್ಣಾತ್ಮಕಕ್ಕೆ ಸಮೀಪವಾದುದು, ಏಕೆಂದರೆ ಅದನ್ನು ಯಂತ್ರವು ಅರ್ಥವಿಟ್ಟೇ ಉಚ್ಚರಿಸುವದು. ಚಾಲೂ ಆದ ಕೂಡಲೆ ಗಣಕಯಂತ್ರವು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪರದೆಯ ಮೇಲೆ ಬರೆದು ತೋರಿಸಲು ಬಾರದಂಥ ದೋಷವು ಕಂಡರೆ ಕೂಗಿ ಹೇಳುತ್ತದೆ. ೧೯೮೧ರಲ್ಲಿ ಐ.ಬಿ.ಎಂ. ಕಂಪನಿಯು ಹೊರತಂದ ಪಿ.ಸಿ.ಯಲ್ಲಿಯೇ ಈ ಏರ್ಪಾಡು ಇದ್ದಿತು.

ಒಂದೇ ಚಿಕ್ಕ ಬೀಪು ಸಾಮಾನ್ಯವಾಗಿ ‘ಎಲ್ಲವೂ ಕ್ಷೇಮ’ ಎಂಬ ಅರ್ಥದ್ದು. ಒಂದು ಉದ್ದ, ಎರಡು ಚಿಕ್ಕವು ಅನೇಕ ಹಳೆಯ ಯಂತ್ರಗಳಲ್ಲಿ ಪರದೆಗೆ ಚಿತ್ರವನ್ನು ಕಳಿಸುವ ಭಾಗದ ದೋಷವನ್ನು ಸೂಚಿಸುವವು. ಪರದೆಯು ಕಪ್ಪಾಗಿದ್ದು ಬೀಪು ಮತ್ತೆ ಮತ್ತೆ ಬರುತ್ತಿದ್ದರೆ ಮೊದಲ ಸಂಶಯವು ರ್‍ಯಾಮ್ ಎಂಬ ಪಟ್ಟಿಯ ಮೇಲೆ ಹೋಗತಕ್ಕದ್ದು. ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಆ ಪಟ್ಟಿಯನ್ನು ಹೊರತೆಗೆದು, ಅದರ ಹೊಳೆಯುವ ಅಂಚನ್ನು ಒಣಗಿದ ಶುಭ್ರ ಅರಿವೆಯಿಂದ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ ಮತ್ತೆ ಕೂಡ್ರಿಸಿದರೆ ಎಷ್ಟೋ ಸಲ ಯಂತ್ರವು ಎದ್ದುಬಿಡುವದು. ಕೀಲಿಮಣೆಯ ಮೇಲೆ ಪುಸ್ತಕವೊಂದು ಬಿದ್ದು ಗುಂಡಿಯು ಒತ್ತಿಕೊಂಡಿದ್ದರೂ ಕೂಗು ಬರುವದುಂಟು. ಅದನ್ನು ಮೊದಲು ನೋಡಬೇಕು. ಈ ಕೂಗಿನ ಭಾಷೆಯು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವದರಿಂದ ಎಷ್ಟು ಚಿಕ್ಕವು, ಎಷ್ಟು ಉದ್ದವು ಎಂದು ಎಣಿಸಿ ಬರೆದಿಟ್ಟುಕೊಂಡು, ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ಹುಡುಕಬೇಕು. ರಿಪೇರಿಯವನಿಗೂ ‘ಏನೋ ಕೂಗುತ್ತದೆ’ ಎನ್ನುವದಕ್ಕಿಂತ ‘ಒಂದು ಉದ್ದ, ಎರಡು ಚಿಕ್ಕವು’ ಎಂದು ಹೇಳಿದರೆ ಅರ್ಧ ಕೆಲಸವು ಅಲ್ಲಿಯೇ ಆಗುವದು.

ಬೆಂಕಿಯ ಅಂಜಿಕೆಯುಳ್ಳದ್ದು

ಪವರ್ ಸಪ್ಲಾಯಿಯಿಂದ ‘ಚಟ್ ಚಟ್’ ಎಂಬ ಸಿಡಿತವಾಗಲಿ, ಸುಟ್ಟ ವಾಸನೆಯಾಗಲಿ ಬಂದರೆ ಗೋಡೆಯ ಸ್ವಿಚ್ಚನ್ನು ತತ್‌ಕ್ಷಣ ಆರಿಸಬೇಕು. ಆ ಒಳಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಕೂಡದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರಲ್ಲಿ ಅಪಾಯಕರವಾದ ವಿದ್ಯುತ್ತು ಕೆಲವು ಕಾಲ ನಿಂತಿರುವದು. ಪೆಟ್ಟಿಗೆಯನ್ನು ಮುಟ್ಟಿದರೆ ಜುಮ್ಮೆನ್ನುವದಾದರೆ ಮನೆಯ ಅರ್ಥಿಂಗನ್ನು ವಾಯರಮನ್ನನಿಂದ ಪರೀಕ್ಷೆ ಮಾಡಿಸಬೇಕು. ನವುರಾದ ‘ಕೀಂ’ ಎಂಬ ದನಿಯೊಂದೇ ಬರುತ್ತಿದ್ದು ಬೇರಾವ ತೊಂದರೆಯೂ ಇಲ್ಲದಿದ್ದರೆ, ಅದು ತಾಮ್ರದ ಸುರುಳಿಗಳ ಕಂಪನವು. ಕಿವಿಗೆ ಕಿರಿಕಿರಿಯಾದರೂ ಪ್ರಾಯಶಃ ಅಪಾಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಪ್ಪಳ

ಇಷ್ಟರವರೆಗೆ ಹೇಳಿದವುಗಳಿಂದ ಕೆಡುವದು ಯಂತ್ರವು ಮಾತ್ರ. ಹಣದಿಂದ ಅದನ್ನು ಮತ್ತೆ ಕೊಳ್ಳಬಹುದು. ಇನ್ನು ಹೇಳತಕ್ಕದ್ದು ಬೇರೆಯ ಜಾತಿಯದು. ಚಾಲೂ ಮಾಡಿದ ಕೂಡಲೆ ಪೆಟ್ಟಿಗೆಯ ಮುಂಭಾಗದಿಂದ, ಗಡಿಯಾರದ ಸಪ್ಪಳದಂತೆ ಸಮನಾದ ಅಂತರದಲ್ಲಿ ‘ಟಿಕ್… ಟಿಕ್… ಟಿಕ್’ ಎಂಬ ಗಟ್ಟಿಯಾದ ಬಡಿತವು ಕೇಳಿಸಿದರೆ, ಅಥವಾ ಲೋಹವನ್ನು ಕೆರೆದಂಥ ಸಪ್ಪಳವಾದರೆ, ಅದು ಹಾರ್ಡ್ ಡಿಸ್ಕಿನ ಆರ್ತನಾದವೆಂದು ತಿಳಿಯಬೇಕು.

ಹಾರ್ಡ್ ಡಿಸ್ಕೆಂಬದು ನಯವಾದ ತಟ್ಟೆಗಳ ಅಡಕು. ೧೯೫೬ರಲ್ಲಿ ಐ.ಬಿ.ಎಂ.ನವರು ಮಾಡಿದ ಮೊದಲನೆಯದರಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದವು. ಅವೆಲ್ಲವೂ ಕೂಡಿ ಹಿಡಿಯುತ್ತಿದ್ದುದು ಸುಮಾರು ೫೦ ಲಕ್ಷ ಅಕ್ಷರಗಳನ್ನು, ಅಂದರೆ ಇಂದಿನ ಮೊಬೈಲಿನ ಒಂದೆರಡು ಭಾವಚಿತ್ರಗಳಷ್ಟನ್ನು. ಈಗಿನದು ಅಂಗೈಯಗಲದ್ದು. ಅದರ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸುತ್ತು ತಿರುಗುವವು. ಓದುವ ಮೊನೆಯು ತಟ್ಟೆಯನ್ನು ಮುಟ್ಟದೆ, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆಯಾದ ಎತ್ತರದಲ್ಲಿ ಗಾಳಿಯ ತೆಳುವಾದ ಪದರಿನ ಮೇಲೆ ತೇಲುತ್ತಿರುವದು. ಆ ಮೊನೆಯು ಸವೆದಾಗ ಅಥವಾ ದಾರಿ ತಪ್ಪಿದಾಗ ತನ್ನ ಗುರುತನ್ನು ಕಾಣದೆ ಹಿಂದಕ್ಕೆ ಬಂದು ತಡೆಗೆ ಬಡಿದು, ಮತ್ತೆ ಹೋಗಿ ಮತ್ತೆ ಬರುವದು. ನಾವು ಕೇಳುವ ‘ಟಿಕ್ ಟಿಕ್’ ಅದೇ. ಪ್ರತಿ ಸಲ ಚಾಲೂ ಮಾಡಿದಾಗಲೂ ಮೊನೆಯು ತಟ್ಟೆಯನ್ನು ಗೀಚುವ ಭಯವಿದೆ. ಗೀಚಿದ ಎಡೆಯ ಬರಹವನ್ನು ಯಾರೂ ತಿರುಗಿ ತರಲಾರರು.

ರಾಯಬಾಗ ತಾಲೂಕಿನ ಒಂದು ಹಳ್ಳಿಯಿಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇಂಥದೇ ದೂರನ್ನು ತಂದಿದ್ದನು. ಅವನು ಕಿರಾಣಿಯ ಅಂಗಡಿಯವನು. ಆ ಮಾತುಕತೆಯು ವಾಚಕರಿಗೆ ಉಪಯೋಗವಾಗುವಂತಿರುವದರಿಂದ ಅವನ ನುಡಿಯಲ್ಲಿಯೇ ಕೊಡುತ್ತೇವೆ.

“ಗುರುಗಳ, ಚಾಲೂ ಮಾಡಿದ ಕೂಡ್ಲೆ ಒಳಗ ಟಿಕ್ ಟಿಕ್ ಅಂತೈತ್ರಿ. ಎರಡ ಮೂರ ಸಲ ಬಂದ್ ಮಾಡಿ ಹಚ್ಚಿದ್ರ ಮುಂದ ಸರಿ ಆಗತೈತ್ರಿ.”

“ಅದರಾಗ ಏನೇನ ಇಟ್ಟಿ, ತಮ್ಮಾ?”

“ಅಂಗಡಿ ಲೆಕ್ಕ ಐತ್ರಿ. ತಂಗಿ ಮದವಿ ಫೋಟೋ ಅದಾವ್ರಿ. ನಮ್ಮ ಅಪ್ಪಾರು ಹೋಗೂಕಿಂತ ಮೊದಲ ಹಾಡಿದ್ದ ಭಜನಿ ಪದಾ ಅದಾವ್ರಿ.”

“ಬ್ಯಾರೆ ಕಡೆ ಎಲ್ಲೆರೆ ಅದಾವೇನು ಅವು?”

“ಎಲ್ಲಿನೂ ಇಲ್ರಿ.”

“ಹಂಗಾರ ರಿಪೇರಿ ಮಾತು ಆಮ್ಯಾಲ. ಇನ್ನೊಮ್ಮೆ ಸರಿಯಾಗಿ ಚಾಲೂ ಆತಂದ್ರ ಬಂದ್ ಮಾಡಬ್ಯಾಡ. ಮೊದಲ ಅಪ್ಪನ ಪದಾ ತಗಿ, ಆಮ್ಯಾಲ ಫೋಟೋ ತಗಿ, ಕಡೀಕ ಲೆಕ್ಕ.”

ಅಂಗಡಿಯವನಿಗೆ ಲೆಕ್ಕವನ್ನು ಕಡೆಗೆ ಇಟ್ಟುದು ಸೋಜಿಗವೆನಿಸಿತು. ಆದರೆ ಲೆಕ್ಕವನ್ನು ಬಿಲ್ಲುಗಳಿಂದಲೂ ಉದ್ರಿಯ ವಹಿಯಿಂದಲೂ ಮತ್ತೆ ಬರೆಯಬಹುದು. ತೀರಿಕೊಂಡ ತಂದೆಯನ್ನು ಮತ್ತೆ ಹಾಡಿಸಲಾಗದು. ಅವನು ಹೇಳಿದಂತೆಯೇ ಮಾಡಿದನು. ಪದಗಳೂ ಭಾವಚಿತ್ರಗಳೂ ಒಂದು ಪೆನ್ ಡ್ರೈವಿಗೆ ಬಂದವು. ಲೆಕ್ಕವು ಅರ್ಧಕ್ಕೆ ಬಂದಾಗ ಯಂತ್ರವು ನಿಂತಿತು, ಮತ್ತೆ ಏಳಲಿಲ್ಲ. ಉಳಿದರ್ಧ ಲೆಕ್ಕಕ್ಕೆ ಅವನು ಎರಡು ವಾರ ರಾತ್ರಿ ಕೂತು ಬರೆಯಬೇಕಾಯಿತು. ಕ್ರಮವು ತಿರುವುಮುರುವಾಗಿದ್ದರೆ ಬರೆಯತಕ್ಕದ್ದೇ ಇರುತ್ತಿರಲಿಲ್ಲ.

ಆದುದರಿಂದ ಟಿಕ್ಕಾರವು ಕೇಳಿಸಿದ ಮನೆಯಲ್ಲಿ ಮಾಡತಕ್ಕದ್ದು ಇಷ್ಟೇ: ಯಂತ್ರವು ಎದ್ದರೆ ಬೇರಾವ ಕೆಲಸವನ್ನೂ ಮಾಡದೆ, ಮರಳಿ ಪಡೆಯಲಾಗದ ವಸ್ತುಗಳನ್ನು ಮೊದಲು ಬೇರೆ ಕಡೆಗೆ ನಕಲು ಮಾಡಬೇಕು. ಏಳದಿದ್ದರೆ ಮತ್ತೆ ಮತ್ತೆ ಯತ್ನಿಸಬಾರದು. ಪ್ಲಗ್ಗನ್ನು ಕಿತ್ತು, ಒಳಗಿನ ಬರಹವು ಬಹುಮೂಲ್ಯದ್ದಾಗಿದ್ದರೆ ಡೇಟಾ ರಿಕವರಿ ಮಾಡುವ ತಜ್ಞರಿಗೆ ಒಪ್ಪಿಸಬೇಕು. ಆ ಕೆಲಸವು ದುಬಾರಿಯದು, ಫಲವೂ ನಿಶ್ಚಿತವಲ್ಲ. ಡಿಸ್ಕನ್ನು ಬಡಿದು ನೋಡುವದು, ಫ್ರಿಜ್ಜಿನಲ್ಲಿ ಇಡುವದು, ಮುಚ್ಚಳವನ್ನು ಬಿಚ್ಚುವದು ಇವೆಲ್ಲವೂ ಅದರ ಅಂತ್ಯಕ್ರಿಯೆಗಳೇ. ಧೂಳಿಯ ಒಂದು ಕಣವೂ ಆ ಮೊನೆಗೆ ಬಂಡೆಯಂತೆ. ರಿಪೇರಿಗೆ ಕೊಡುವಾಗ ‘ಒಳಗಿನದನ್ನು ಅಳಿಸಬೇಡಿರಿ’ ಎಂದು ಸ್ಪಷ್ಟವಾಗಿ ಹೇಳಬೇಕು, ಚೀಟಿಯಲ್ಲಿ ಬರೆಯಿಸಬೇಕು.

ಸದ್ದಿಲ್ಲದ್ದೆಲ್ಲವೂ ಸ್ವಸ್ಥವಲ್ಲ

ಈಚಿನ ಯಂತ್ರಗಳಲ್ಲಿ ತಿರುಗುವ ತಟ್ಟೆಗಳ ಬದಲಿಗೆ ಎಸ್.ಎಸ್.ಡಿ. ಎಂಬ ಭಂಡಾರವಿರುವದು. ಅದರಲ್ಲಿ ಚಲಿಸುವದು ಏನೂ ಇಲ್ಲ, ಆದುದರಿಂದ ಸಪ್ಪಳವೂ ಇಲ್ಲ. ವೇಗದಲ್ಲಿ ಅದು ಬಹಳ ಮೇಲು. ಆದರೆ ಕೆಡುವಾಗ ಕಿವಿಗೆ ಯಾವ ಸೂಚನೆಯನ್ನೂ ಕೊಡದೆ ಕೆಡಬಹುದು. ಎರಡೂ ಬಗೆಯ ಭಂಡಾರಗಳು ‘ಸ್ಮಾರ್ಟ್’ ಎಂಬ ಹೆಸರಿನಿಂದ ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಡುತ್ತವೆ. ಬಲ್ಲವರಿಂದ ವರ್ಷಕ್ಕೊಮ್ಮೆ ಅದನ್ನು ಓದಿಸುವದು ಒಳ್ಳೆಯದು. ಆದರೂ ಸಪ್ಪಳಕ್ಕಾಗಿ ಕಾಯುತ್ತ ಕೂಡ್ರದೆ, ಯಂತ್ರವು ಚೆನ್ನಾಗಿರುವಾಗಲೇ ನಕಲನ್ನು ಇಡುವದೇ ಜಾಣತನವು.

ನಮ್ಮ ಸೀಮೆಯವರಿಗೆ ಇದರಲ್ಲಿ ಇನ್ನೊಂದು ವಿಚಾರವಿದೆ. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ದಂಡೆಯ ಹಳ್ಳಿಗಳನ್ನು ಹೊಕ್ಕಿದ್ದವು. ನಿಪ್ಪಾಣಿಯ ಸಮೀಪದ ಯಮಗರ್ಣಿಯಲ್ಲಿ ಹೆದ್ದಾರಿಯೇ ನೀರಿನ ಕೆಳಗಾಗಿತ್ತು. ಮೂಲ ಯಂತ್ರವನ್ನೂ ಅದರ ನಕಲನ್ನೂ ಒಂದೇ ಕಪಾಟಿನಲ್ಲಿ ಇಟ್ಟರೆ ಹೊಳೆಯು ಎರಡನ್ನೂ ಒಟ್ಟಿಗೆ ಒಯ್ಯುವದು. ಒಂದು ನಕಲು ಮನೆಯಲ್ಲಿರಲಿ. ಇನ್ನೊಂದು ದೂರದ ಎತ್ತರದ ಊರಿನಲ್ಲಿರುವ ಬೀಗರ ಮನೆಯಲ್ಲಿಯೋ ಇಂಟರ್‌ನೆಟ್ಟಿನ ಭಂಡಾರದಲ್ಲಿಯೋ ಇರಲಿ. ನೀರು ಹೊಕ್ಕ ಯಂತ್ರವನ್ನು, ಒಣಗಿದಂತೆ ಕಂಡರೂ, ಪರೀಕ್ಷೆಗೆಂದು ಚಾಲೂ ಮಾಡಕೂಡದು.

ಹೊಲದ ಪಹಣಿಯು ಕಳೆದರೆ ಚಿಂತೆಯಿಲ್ಲ. ೨೦೦೦ದ ಸುಮಾರಿಗೆ ಮೊದಲಾದ ‘ಭೂಮಿ’ ಯೋಜನೆಯಿಂದ ಅವು ಸರಕಾರದ ಗಣಕಯಂತ್ರಗಳಲ್ಲಿವೆ, ಬೇಕಾದಾಗ ಪಡೆಯಬಹುದು. ಮನೆಯ ಮದುವೆಯ ಚಿತ್ರಗಳನ್ನೂ ಅಜ್ಜಿಯ ಹಾಡನ್ನೂ ಯಾವ ಕಚೇರಿಯೂ ಕಾಯುತ್ತಿಲ್ಲ. ಅವುಗಳ ಕಾವಲು ಗೃಹಸ್ಥನದೇ. ಈ ಲೇಖನವನ್ನು ಓದಿ ಮುಗಿಸಿದ ವಾಚಕರು ಬರುವ ಭಾನುವಾರ ಎರಡು ಕೆಲಸಗಳನ್ನು ಮಾಡಬೇಕೆಂದು ನಮ್ಮ ವಿನಂತಿ: ಯಂತ್ರವನ್ನು ಚಾಲೂ ಮಾಡಿ ಎರಡು ನಿಮಿಷ ಸುಮ್ಮನೆ ಕುಳಿತು ಅದರ ದನಿಯನ್ನು ಕೇಳುವದು ಒಂದು, ಅದರೊಳಗಿನ ಅಮೂಲ್ಯ ವಸ್ತುಗಳ ನಕಲು ಬೇರೆಲ್ಲಿಯಾದರೂ ಇದೆಯೇ ಎಂದು ಮನೆಯವರನ್ನು ವಿಚಾರಿಸುವದು ಇನ್ನೊಂದು. ಇಲ್ಲವೆಂಬ ಉತ್ತರ ಬಂದರೆ ಧೂಳಿಯನ್ನು ಒರೆಸುವ ಕೆಲಸವು ಆ ದಿನ ತಡವಾದರೂ ಅಡ್ಡಿಯಿಲ್ಲ. ನಕಲಿನ ಕೆಲಸವು ಮೊದಲಾಗಲಿ.